ವಾಹನದ ಕೀಲಿಕೈ: ನೀರಿನ ಹಾನಿ, ನಿತ್ಯದ ಸವೆತ ಮತ್ತು ಎರಡನೆಯ ಕೀಲಿಯ ಲೆಕ್ಕ



ಕಳೆದ ಮಳೆಗಾಲದಲ್ಲಿ ಉದ್ಯೋಗ ಖಾತರಿ ಯೋಜನೆಯ ನಾಲಾ ಬದು ಕಾಮಗಾರಿಯೊಂದನ್ನು ಪರಿಶೀಲಿಸಲು ಹೋಗಿದ್ದಾಗ ನಾನು ಕಾಲು ಜಾರಿ ಸೊಂಟದವರೆಗಿನ ನೀರಿಗೆ ಬಿದ್ದೆ. ಕಾರಿನ ಕೀಲಿಕೈ ಪ್ಯಾಂಟಿನ ಜೇಬಿನಲ್ಲಿತ್ತು. ದಡಕ್ಕೆ ಬಂದ ಕೂಡಲೇ ಮೊಬೈಲನ್ನು ಒರೆಸಿದೆ, ಕಡತವನ್ನು ಒರೆಸಿದೆ. ಕೀಲಿಕೈಯ ಗುಂಡಿಯನ್ನು ಒಮ್ಮೆ ಒತ್ತಿ ನೋಡಿದೆ. ಕಾರಿನ ಬಾಗಿಲು ಎಂದಿನಂತೆ ತೆರೆಯಿತು. ಏನೂ ಆಗಿಲ್ಲವೆಂದು ಸಮಾಧಾನಪಟ್ಟು ಅದನ್ನು ಮತ್ತೆ ಜೇಬಿಗೆ ಸೇರಿಸಿದೆ. ನಾಲ್ಕನೆಯ ದಿನ ಬೆಳಿಗ್ಗೆ ತಾಲ್ಲೂಕು ಪಂಚಾಯಿತಿಯ ಸಭೆಗೆ ಹೊರಟಾಗ ಗುಂಡಿ ಎಷ್ಟು ಒತ್ತಿದರೂ ಕಾರು ಸ್ಪಂದಿಸಲಿಲ್ಲ. ಕವಚ ಬಿಚ್ಚಿ ನೋಡಿದರೆ ಒಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಹಸಿರು ಕಿಲುಬು ಹರಡಿತ್ತು. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನಿಗೆ ತಿಳಿದಿರಲೇಬೇಕಾಗಿದ್ದ ಪಾಠವನ್ನು ಹೀಗೆ ಹಣ ತೆತ್ತು ಎರಡನೆಯ ಸಲ ಕಲಿತೆ.

ಇದು ನನ್ನೊಬ್ಬನ ಕಾರಿನ ಮಾತಾಗಿದ್ದರೆ ಈ ಸುತ್ತೋಲೆಯಲ್ಲಿ ಸ್ಥಳ ಕೇಳುತ್ತಿರಲಿಲ್ಲ. ನಾನು ಹಿಂದೆ ಕೆಲಸ ಮಾಡಿದ ಪಂಚಾಯಿತಿಯೊಂದರಲ್ಲಿ ಸ್ವಚ್ಛ ವಾಹಿನಿಯ ಕೀಲಿಕೈ ಇಗ್ನಿಷನ್ನಿನೊಳಗೇ ಮುರಿದು ವಾಹನ ಆರು ದಿನ ನಿಂತುಬಿಟ್ಟಿತು. ಕೀಲಿ ಮುರಿದದ್ದು ಅರ್ಧ ದಿನದ ತೊಂದರೆ. ಎರಡನೆಯ ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿಲ್ಲದಿದ್ದುದು ಉಳಿದ ದಿನಗಳ ತೊಂದರೆ. ಒಣಕಸದ ಚೀಲಗಳು ಮನೆಗಳ ಜಗಲಿಯ ಮೇಲೆಯೇ ಉಳಿದವು. ನಾಲ್ಕನೆಯ ದಿನದಿಂದ ಕೆಲವರು ಅವನ್ನು ಕೆರೆಯ ಕೋಡಿಯ ಬಳಿ ಸುರಿಯತೊಡಗಿದರು. ಒಕ್ಕೂಟದ ಮಹಿಳೆಯರು ವರ್ಷವಿಡೀ ಮನೆ ಮನೆಗೆ ತಿರುಗಿ ಬಿಡಿಸಿದ್ದ ಅಭ್ಯಾಸವದು. ಒಂದು ಕೀಲಿಕೈಗಾಗಿ ಅದು ಮರಳಿ ಬಂದಿತು.

ಕೀಲಿಕೈಯ ಒಳಗೆ ಏನಿದೆ

ಕೀಲಿಕೈ ಎಂದರೆ ಹಲ್ಲು ಕೊರೆದ ಲೋಹದ ಪಟ್ಟಿ ಎಂಬುದು ನಮ್ಮ ಮನಸ್ಸಿನಲ್ಲಿರುವ ಚಿತ್ರ. ಬೈಕು ಮತ್ತು ಹಳೆಯ ಸರಕು ವಾಹನಗಳಿಗೆ ಆ ಚಿತ್ರ ಇಂದಿಗೂ ಬಹುಮಟ್ಟಿಗೆ ಸರಿ. ಈಗಿನ ಕಾರಿನ ಕೀಲಿಕೈಯಲ್ಲಿ ಇದರ ಜೊತೆಗೆ ಇನ್ನೂ ಎರಡು ವ್ಯವಸ್ಥೆಗಳಿರುತ್ತವೆ. ಅವೆರಡೂ ಬೇರೆ ಬೇರೆ ಎಂಬುದನ್ನು ಗಮನಿಸಬೇಕು.

ಮೊದಲನೆಯದು ರಿಮೋಟ್. ಬಾಗಿಲು ತೆರೆಯುವ, ಮುಚ್ಚುವ ಗುಂಡಿಗಳ ಕೆಳಗೆ ಒಂದು ಪುಟ್ಟ ಸರ್ಕ್ಯೂಟ್ ಬೋರ್ಡು, ಅದಕ್ಕೆ ವಿದ್ಯುತ್ ನೀಡುವ ನಾಣ್ಯದಾಕಾರದ ಲಿಥಿಯಂ ಸೆಲ್ ಇರುತ್ತವೆ. ಎರಡನೆಯದು ಇಮ್ಮೊಬಿಲೈಸರ್ ಚಿಪ್. ಇದಕ್ಕೆ ಸೆಲ್ ಬೇಕಿಲ್ಲ. ಕೀಲಿಯನ್ನು ಇಗ್ನಿಷನ್ನಿಗೆ ಹಾಕಿದಾಗ ಅದರ ಸುತ್ತ ಇರುವ ತಂತಿಯ ಸುರುಳಿಯಿಂದಲೇ ಚಿಪ್ ಶಕ್ತಿ ಪಡೆದು ತನ್ನ ಗುರುತಿನ ಸಂಕೇತವನ್ನು ಹೇಳುತ್ತದೆ. ಸಂಕೇತ ಹೊಂದಿದರೆ ಎಂಜಿನ್ ಚಾಲೂ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಆದ್ದರಿಂದಲೇ ರಸ್ತೆ ಬದಿಯ ಅಂಗಡಿಯಲ್ಲಿ ಕೇವಲ ಲೋಹ ಕೊರೆಸಿ ಮಾಡಿಸಿದ ನಕಲು ಕೀಲಿ ಕಾರಿನ ಬಾಗಿಲನ್ನು ತೆರೆಯುತ್ತದೆ, ಎಂಜಿನ್ನನ್ನು ಮಾತ್ರ ಎಬ್ಬಿಸುವುದಿಲ್ಲ.

ಇದರಿಂದ ಒಂದು ಉಪಯೋಗವಿದೆ. ರಿಮೋಟಿನ ಸೆಲ್ ಸತ್ತರೂ ಲೋಹದ ಕೀಲಿಯಿಂದ ಬಾಗಿಲು ತೆರೆದು ಕಾರನ್ನು ಚಾಲೂ ಮಾಡಬಹುದು. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿಯೂ ಸಾಮಾನ್ಯವಾಗಿ ಕೀಲಿಯ ಕವಚದೊಳಗೆ ಒಂದು ಸಣ್ಣ ಲೋಹದ ಕೀಲಿಯನ್ನು ಅಡಗಿಸಿಟ್ಟಿರುತ್ತಾರೆ. ಬಾಗಿಲು ತೆರೆದ ಮೇಲೆ ಕೀಲಿಕೈಯನ್ನು ಸ್ಟಾರ್ಟ್ ಗುಂಡಿಗೆ ತಾಗಿಸಿಯೋ, ಕೈಪಿಡಿಯಲ್ಲಿ ತೋರಿಸಿದ ಜಾಗದಲ್ಲಿ ಇರಿಸಿಯೋ ಎಂಜಿನ್ ಚಾಲೂ ಮಾಡಲು ಬರುತ್ತದೆ. ವಾಹನದೊಂದಿಗೆ ಬಂದ ಕೈಪಿಡಿಯ ಈ ಒಂದು ಪುಟವನ್ನು ಮನೆಯಲ್ಲಿ ಕುಳಿತಿರುವಾಗಲೇ ಓದಿಕೊಳ್ಳುವುದು ಒಳಿತು. ರಾತ್ರಿ ಹತ್ತು ಗಂಟೆಗೆ ಊರಾಚೆ ನಿಂತು ಓದುವುದು ಕಷ್ಟ.

ನೀರು ಹೇಗೆ ಕೆಡಿಸುತ್ತದೆ

ನೀರು ತಾಗಿದ ಕ್ಷಣದಲ್ಲೇ ಬೋರ್ಡು ಸುಟ್ಟುಹೋಗುವುದೆಂಬ ನಂಬಿಕೆ ಸಾಮಾನ್ಯವಾಗಿದೆ. ನನ್ನ ಕೀಲಿ ನೀರಿನಿಂದ ಎದ್ದು ಬಂದ ಮೇಲೂ ಕೆಲಸ ಮಾಡಿತೆಂಬುದನ್ನು ನೆನೆಯಿರಿ. ಹಾನಿ ನಡೆದದ್ದು ಅನಂತರದ ಮೂರು ದಿನಗಳಲ್ಲಿ.

ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆ. ಅದರಲ್ಲಿ ಕರಗಿದ ಲವಣಗಳೇ ವಿದ್ಯುತ್ತಿಗೆ ದಾರಿ ಮಾಡಿಕೊಡುವುವು. ಶುದ್ಧ ಕುಡಿಯುವ ನೀರಿನ ಘಟಕಗಳನ್ನು ನೋಡಿಕೊಳ್ಳುವ ಸದಸ್ಯರಿಗೆ ಟಿಡಿಎಸ್ ಎಂಬ ಪದ ಪರಿಚಿತ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂ ಇರುವುದು ಸ್ವೀಕಾರಾರ್ಹ, ಬೇರೆ ಮೂಲವೇ ಇಲ್ಲದಿದ್ದಲ್ಲಿ 2000ದವರೆಗೆ ಅನುಮತಿ. ಆಳವಾದ ಕೊಳವೆಬಾವಿಯ ಗಡಸು ನೀರು, ಸಾಬೂನಿನ ನೀರು, ಬೆವರು, ಎಲ್ಲಕ್ಕಿಂತ ಮಿಗಿಲಾಗಿ ಸಮುದ್ರದ ನೀರು, ಇವು ಕೀಲಿಕೈಗೆ ಕ್ರಮವಾಗಿ ಹೆಚ್ಚುತ್ತಾ ಹೋಗುವ ಅಪಾಯಗಳೆಂದು ಸ್ಥೂಲವಾಗಿ ಹೇಳಬಹುದು.

ಕೀಲಿಯ ಸೆಲ್ 3 ವೋಲ್ಟ್ ನೀಡುತ್ತದೆ. ನೀರನ್ನು ವಿದ್ಯುತ್ತಿನಿಂದ ವಿಭಜಿಸಲು ಬೇಕಾದ ಕನಿಷ್ಠ ಒತ್ತಡ ಸುಮಾರು 1.23 ವೋಲ್ಟ್. ಅಂದರೆ, ಲವಣಯುಕ್ತ ನೀರಿನ ಒಂದು ಹನಿ ಬೋರ್ಡಿನ ಎರಡು ಗೆರೆಗಳ ನಡುವೆ ಉಳಿದುಕೊಂಡರೆ, ಗುಂಡಿ ಒತ್ತದಿದ್ದರೂ ಅಲ್ಲಿ ಹಗಲಿರುಳು ರಾಸಾಯನಿಕ ಕ್ರಿಯೆ ನಡೆಯುತ್ತಿರುತ್ತದೆ. ಧನ ತುದಿಯ ತಾಮ್ರ ಕರಗುತ್ತದೆ, ಹಸಿರು ಲವಣವಾಗಿ ಮಾರ್ಪಡುತ್ತದೆ, ಕೂದಲೆಳೆಯಂಥ ಗೆರೆ ತುಂಡಾಗುತ್ತದೆ. ಪಂಪ್‌ಹೌಸಿನ ಸ್ಟಾರ್ಟರ್ ಪೆಟ್ಟಿಗೆಯ ತಂತಿಗಳ ತುದಿಯಲ್ಲಿ ನೀವು ಕಂಡಿರುವ ಕಿಲುಬಿಗೂ ಮೂಲದಲ್ಲಿರುವುದು ತೇವವೇ. ಕೀಲಿಕೈಯೊಳಗೆ ಜಾಗ ಕಿರಿದು, ಗೆರೆ ತೆಳ್ಳಗೆ. ಆದ್ದರಿಂದ ದಿನಗಳಲ್ಲೇ ಮುಗಿದುಹೋಗುತ್ತದೆ.

ನೆನೆದ ಕೂಡಲೇ ಮಾಡಬೇಕಾದುದು

ಮೊದಲು ಮಾಡಬೇಕಾದುದು ಸೆಲ್ ತೆಗೆಯುವುದು. ಗುಂಡಿ ಒತ್ತಿ ಪರೀಕ್ಷಿಸಬಾರದು. ನನ್ನ ತಪ್ಪು ಅಲ್ಲಿಯೇ. ಕವಚದ ಅಂಚಿನಲ್ಲಿರುವ ಸಣ್ಣ ಸಂದಿಗೆ ತೆಳ್ಳಗಿನ ಸ್ಕ್ರೂಡ್ರೈವರ್ ತೂರಿಸಿ ಮೆಲ್ಲಗೆ ತಿರುವಿದರೆ ಸಾಮಾನ್ಯವಾಗಿ ಎರಡು ಹೋಳಾಗುತ್ತದೆ. ಕೆಲವದರಲ್ಲಿ ಒಂದು ತಿರುಪು ಇರುತ್ತದೆ. ಹೋಳು ಮಾಡುವ ಮೊದಲು ಒಳಗಿನ ಭಾಗಗಳು ಎತ್ತ ಮುಖ ಮಾಡಿವೆಯೆಂಬುದರ ಫೋಟೊವನ್ನು ಮೊಬೈಲಿನಲ್ಲಿ ಹಂತ ಹಂತವಾಗಿ ತೆಗೆದುಕೊಂಡರೆ ಮರುಜೋಡಣೆ ಸುಲಭ. ಸೆಲ್ ತೆಗೆದ ಮೇಲೆ ಅವಸರವಿಲ್ಲ.

ಬೋರ್ಡು ಮಳೆನೀರಿನಲ್ಲಷ್ಟೇ ನೆನೆದಿದ್ದರೆ ಒಣಬಟ್ಟೆಯಿಂದ ಒತ್ತಿ ಒರೆಸಿ ಒಣಗಿಸಿದರೆ ಸಾಕು. ಕೆಸರು, ಸಾಬೂನು, ಉಪ್ಪುನೀರು ಸೋಂಕಿದ್ದರೆ ಬೋರ್ಡನ್ನು ಮತ್ತೊಮ್ಮೆ ತೊಳೆಯಬೇಕು. ಒದ್ದೆಯಾದ ವಸ್ತುವನ್ನು ಮತ್ತೆ ನೀರಿಗೆ ಹಾಕಿ ಎಂದರೆ ಹಲವರು ಹುಬ್ಬೇರಿಸುತ್ತಾರೆ. ಆದರೆ ಲವಣ ಒಣಗಿ ಅಲ್ಲೇ ಕೂತರೆ ಮುಂದೆ ಗಾಳಿಯ ತೇವವನ್ನು ಹೀರಿ ಮತ್ತೆ ಕಿಲುಬು ಹಿಡಿಸುತ್ತದೆ. ಇನ್ವರ್ಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಉತ್ತಮ. ಅದಿಲ್ಲದಿದ್ದರೆ ಊರಿನ ಶುದ್ಧ ನೀರಿನ ಘಟಕದ ನೀರಾದರೂ ನಲ್ಲಿಯ ನೀರಿಗಿಂತ ಮೇಲು. ಅನಂತರ ಮೃದುವಾದ ಹಲ್ಲುಜ್ಜುವ ಬ್ರಷ್ಷಿಗೆ ಔಷಧ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿ ಹಗುರವಾಗಿ ಉಜ್ಜಿದರೆ ಉಳಿದ ನೀರೂ ಅದರೊಂದಿಗೆ ಆವಿಯಾಗುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ಲನ್ನು ಇದಕ್ಕೆ ಬಳಸಬಾರದು, ಅದರಲ್ಲಿ ಜಿಗುಟು ಪದಾರ್ಥಗಳಿರುತ್ತವೆ. ಪೆಟ್ರೋಲ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರಾವಣ ಇವು ಪ್ಲಾಸ್ಟಿಕ್ಕನ್ನೂ ರಬ್ಬರ್ ಗುಂಡಿಯನ್ನೂ ಹಾಳುಮಾಡುತ್ತವೆ. ಬೆಂಕಿಯ ಅಪಾಯ ಬೇರೆ.

ಒಣಗಿಸಲು ನೆರಳು ಮತ್ತು ಗಾಳಿ ಬೇಕು. ಫ್ಯಾನಿನ ಕೆಳಗೆ ಒಂದೆರಡು ದಿನ ಬಿಚ್ಚಿಡುವುದು ಸಾಕು. ಒಲೆಯ ಪಕ್ಕ, ಕಾರಿನ ಡ್ಯಾಶ್‌ಬೋರ್ಡ್ ಮೇಲೆ, ಉರಿಬಿಸಿಲಿನಲ್ಲಿ ಬೇಡ. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯ ಮನೆಮನೆಯಲ್ಲಿ ಪ್ರಚಲಿತವಾಗಿದೆ. ಅಕ್ಕಿ ತೇವವನ್ನು ಹೀರುವುದು ಬಹಳ ನಿಧಾನ, ಲವಣವನ್ನಂತೂ ತೆಗೆಯದು, ಮೇಲಾಗಿ ತೌಡಿನ ಪುಡಿ ಸಂದಿಗಳಿಗೆ ಸೇರುತ್ತದೆ. ನನ್ನ ತಾಯಿಯವರು ಇಂದಿಗೂ ಇದನ್ನು ಒಪ್ಪುವುದಿಲ್ಲ. ಹೊಸ ಚಪ್ಪಲಿ, ಔಷಧದ ಡಬ್ಬಿಗಳೊಂದಿಗೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಮುಚ್ಚಿದ ಡಬ್ಬಿಯಲ್ಲಿ ಕೂಡಿಡುವುದು ಅದಕ್ಕಿಂತ ಪ್ರಯೋಜನಕಾರಿ.

ಪೂರ್ಣ ಒಣಗಿದ ಮೇಲೆ ಹಳೆಯ ಸೆಲ್ ಹಾಕದೆ ಹೊಸದನ್ನು ಹಾಕಿರಿ. ಸೆಲ್ಲಿನ ಮೇಲಿನ ಬರಹ ಓದಲು ಕಷ್ಟವಲ್ಲ. ಸಿಆರ್ 2032 ಎಂಬಲ್ಲಿ 20 ಎಂದರೆ ವ್ಯಾಸ 20 ಮಿಲಿಮೀಟರ್, 32 ಎಂದರೆ ದಪ್ಪ 3.2 ಮಿಲಿಮೀಟರ್. 2025, 2016 ಇವು ಅಷ್ಟೇ ಅಗಲದ, ಆದರೆ ತೆಳುವಾದ ಸೆಲ್ಲುಗಳು. ಅಂಗಡಿಯವರು ‘ಇದೂ ಕೂರುತ್ತದೆ’ ಎಂದು ತೆಳುವಾದುದನ್ನು ಕೊಟ್ಟರೆ ಸಂಪರ್ಕ ಸಡಿಲಾಗುತ್ತದೆ, ಹಳ್ಳದ ರಸ್ತೆಯಲ್ಲಿ ಕೈಕೊಡುತ್ತದೆ. ಸೆಲ್ಲನ್ನು ಅಂಚು ಹಿಡಿದು ಕೂರಿಸಬೇಕು; ಬೆರಳಿನ ಜಿಡ್ಡು ಮೈಮೇಲೆ ಹತ್ತಬಾರದು.

ಮಳೆಗಾಲದಲ್ಲಿ ಕ್ಷೇತ್ರಕ್ಕೆ ಹೋಗುವಾಗ ಕೀಲಿಯನ್ನು ಜಿಪ್ ಇರುವ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅಂಗಿಯ ಮೇಲ್ಜೇಬಿನಲ್ಲಿ ಇಡುವುದು ಸುಲಭವಾದ ರಕ್ಷಣೆ. ಮಾರುಕಟ್ಟೆಯ ಸಿಲಿಕೋನ್ ಕವಚ ಗೀರು, ಪೆಟ್ಟುಗಳನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ. ಬದಲಿಗೆ ಒಳಸೇರಿದ ನೀರು ಅಲ್ಲೇ ನಿಲ್ಲುತ್ತದೆ. ನೆನೆದರೆ ಮೊದಲು ಅದನ್ನು ಕಳಚಬೇಕು. ಒಗೆಯಲು ಹಾಕುವ ಪ್ಯಾಂಟಿನ ಜೇಬು ನೋಡುವ ಹೊಣೆಯನ್ನು ಬಟ್ಟೆ ಒಗೆಯುವವರ ಮೇಲೆ ಹೊರಿಸದೆ ಪ್ಯಾಂಟು ತೊಟ್ಟವರೇ ವಹಿಸಿಕೊಳ್ಳತಕ್ಕದ್ದು.

ನಿತ್ಯದ ಸವೆತ

ನೀರಿನ ಹಾನಿ ಒಂದು ದಿನ ಬರುತ್ತದೆ, ಸವೆತ ಪ್ರತಿದಿನ ಬರುತ್ತದೆ. ಇಗ್ನಿಷನ್ನಿನೊಳಗೆ ಸಾಲಾಗಿ ಹಿತ್ತಾಳೆಯ ತೆಳು ತಟ್ಟೆಗಳಿರುತ್ತವೆ. ಕೀಲಿಯ ಹಲ್ಲು ಪ್ರತಿಯೊಂದು ತಟ್ಟೆಯನ್ನೂ ನಿಶ್ಚಿತ ಎತ್ತರಕ್ಕೆ ಎತ್ತಿದಾಗ ಮಾತ್ರ ಅದು ತಿರುಗುತ್ತದೆ. ಒಂದು ಮಿಲಿಮೀಟರಿಗಿಂತ ಕಡಿಮೆ ಸವೆದರೂ ತಟ್ಟೆ ಸಿಕ್ಕಿಕೊಳ್ಳುತ್ತದೆ.

ನಮ್ಮ ನೀರಗಂಟಿಯೊಬ್ಬರ ಬೈಕಿನ ಕೀಲಿಯ ಜೊತೆಗೆ ಪಂಪ್‌ಹೌಸಿನದು, ಸ್ಟಾರ್ಟರ್ ಪೆಟ್ಟಿಗೆಯದು, ಮೇಲ್ತೊಟ್ಟಿಯದು, ಮನೆಯದು ಎಂದು ಒಟ್ಟು ಹನ್ನೊಂದು ಕೀಲಿಗಳಿದ್ದವು, ಜೊತೆಗೊಂದು ಬಾಟಲಿ ತೆರೆಯುವ ಕೊಕ್ಕೆ. ಗೊಂಚಲು ಇಡೀ ದಿನ ಇಗ್ನಿಷನ್ನಿನಿಂದ ಜೋತಾಡುತ್ತಿತ್ತು. ರಸ್ತೆಯ ಪ್ರತಿ ಕುಲುಕಾಟಕ್ಕೂ ಆ ಭಾರ ಕೀಲಿಯನ್ನು ಒಂದು ಬದಿಗೆ ಎಳೆಯುತ್ತದೆ, ತಟ್ಟೆಗಳು ಓರೆಯಾಗಿ ತೇಯುತ್ತವೆ. ವಾಹನದ ಕೀಲಿಯನ್ನು ಪ್ರತ್ಯೇಕ ಬಳೆಯಲ್ಲಿ ಇಡಬೇಕು, ಬೇಕಿದ್ದರೆ ಒಂದು ಹಗುರ ಗುರುತುಪಟ್ಟಿ ಇರಲಿ. ಅವರಿಗೆ ಇದನ್ನು ಹೇಳಿದಾಗ, ‘ಸಾರ್, ಎರಡು ಗೊಂಚಲಾದ್ರೆ ಒಂದು ಮರೀತೀನಿ’ ಎಂದರು. ಅದೂ ನಿಜವೇ. ಕೊಕ್ಕೆಯಿಂದ ಸಲೀಸಾಗಿ ಬಿಡಿಸಿಕೊಳ್ಳುವಂಥ ಬಳೆಯೊಂದನ್ನು ತರಿಸಿದೆವು: ಬೈಕು ಹತ್ತುವಾಗ ಗೊಂಚಲು ಸೊಂಟಕ್ಕೆ, ಇಳಿದಾಗ ಎರಡೂ ಕೂಡಿ.

ಕೀಲಿ ಮುರಿಯುವುದಕ್ಕೆ ಕೀಲಿಯ ದೋಷಕ್ಕಿಂತ ಹೆಚ್ಚಾಗಿ ಸ್ಟೇರಿಂಗ್ ಲಾಕ್ ಕಾರಣವಾಗಿರುತ್ತದೆ. ಚಕ್ರ ಓರೆಯಾಗಿ ನಿಂತಾಗ ಲಾಕಿನ ಮೊಳೆ ಬಿಗಿದಿರುತ್ತದೆ. ಆಗ ಕೀಲಿಯನ್ನು ಎಷ್ಟು ತಿರುಚಿದರೂ ಬಲವೆಲ್ಲ ಅದರ ಕುತ್ತಿಗೆಯ ಮೇಲೆಯೇ ಬೀಳುತ್ತದೆ. ಸ್ಟೇರಿಂಗನ್ನು ಎಡಬಲಕ್ಕೆ ಅಲುಗಿಸುತ್ತಾ ಕೀಲಿಯನ್ನು ಹಗುರವಾಗಿ ತಿರುಗಿಸಿದರೆ ಬಿಡುತ್ತದೆ. ಮೇಲೆ ಹೇಳಿದ ಸ್ವಚ್ಛ ವಾಹಿನಿಯ ಕೀಲಿ ಮುರಿದದ್ದು ಹೀಗೆಯೇ. ಚಾಲಕಿಯವರು ತರಬೇತಿಯಲ್ಲಿ ವಾಹನ ಓಡಿಸಲು ಕಲಿತಿದ್ದರು, ಈ ಒಂದು ಮಾತನ್ನು ಅವರಿಗೆ ಯಾರೂ ಹೇಳಿರಲಿಲ್ಲ; ದೋಷ ಅವರದೆಂದು ಸಭೆಯಲ್ಲಿ ಬಂದ ಮಾತು ಸರಿಯಲ್ಲ. ಮುರಿದ ತುಂಡನ್ನು ತೆಗೆಯಲು ಗಟ್ಟಿ ಅಂಟು ಹಚ್ಚಿದ ಕಡ್ಡಿ ತೂರಿಸುವ ಸಾಹಸ ಬೇಡ. ಅಂಟು ತಟ್ಟೆಗಳಿಗೆ ಹತ್ತಿದರೆ ಲಾಕನ್ನೇ ಬದಲಿಸಬೇಕಾಗುತ್ತದೆ.

ಬಿಗಿಯಾದ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಡುವುದು ನಮ್ಮಲ್ಲಿ ರೂಢಿ. ಒಂದು ವಾರ ಸುಖವಾಗಿರುತ್ತದೆ. ಆಮೇಲೆ ಎಣ್ಣೆ ಧೂಳನ್ನು ಹಿಡಿದು ಕೆಸರಾಗುತ್ತದೆ. ಗ್ರಾಫೈಟ್ ಪುಡಿ ಒಣದಾದ ಜಾರುಪದಾರ್ಥ, ಧೂಳನ್ನು ಹಿಡಿಯದು. ಆಯುಧ ಪೂಜೆಯ ದಿನ ಕೀಲಿಕೈಗೂ ಅರಿಸಿನ, ಕುಂಕುಮ, ತೀರ್ಥದ ಪ್ರೋಕ್ಷಣೆ ಆಗುತ್ತದೆ. ಪೂಜೆ ನಡೆಯಲಿ, ಕುಂಕುಮವನ್ನು ಕವಚದ ಮೇಲೆ ಇಟ್ಟು, ಹಲ್ಲಿನ ಭಾಗವನ್ನು ಒಣಬಟ್ಟೆಯಿಂದ ಒರೆಸಿಯೇ ಇಗ್ನಿಷನ್ನಿಗೆ ಹಾಕಬೇಕೆಂಬುದಷ್ಟೇ ನನ್ನ ವಿನಂತಿ.

ರಬ್ಬರ್ ಗುಂಡಿ ಹರಿದರೆ, ಕವಚ ಬಿರುಕು ಬಿಟ್ಟರೆ ಹೊರಕವಚವನ್ನು ಮಾತ್ರ ಕೆಲವು ನೂರು ರೂಪಾಯಿಗಳಲ್ಲಿ ಬದಲಿಸಬಹುದು. ಹರಿದ ಗುಂಡಿಯೇ ನೀರಿಗೆ ಬಾಗಿಲಾದ್ದರಿಂದ ಇದನ್ನು ಮುಂದೂಡಬಾರದು. ಇಲ್ಲಿ ಒಂದು ಎಚ್ಚರಿಕೆ. ಅನೇಕ ಕೀಲಿಗಳಲ್ಲಿ ಇಮ್ಮೊಬಿಲೈಸರ್ ಚಿಪ್ ಬೋರ್ಡಿನ ಮೇಲಿರದೆ ಹಳೆಯ ಕವಚದ ಮೂಲೆಯಲ್ಲಿ ಸಣ್ಣ ಕಪ್ಪು ತುಂಡಾಗಿಯೋ ಗಾಜಿನ ಕೊಳವೆಯಾಗಿಯೋ ಅಂಟಿರುತ್ತದೆ. ಕವಚ ಬದಲಿಸಿ ಹಳೆಯದನ್ನು ಕಸಕ್ಕೆ ಎಸೆದವರು ಎಂಜಿನ್ನನ್ನೇ ಎಸೆದಂತೆ. ಹೊಸ ಕವಚದಲ್ಲಿ ವಾಹನ ಚಾಲೂ ಆದದ್ದನ್ನು ನೋಡಿದ ಮೇಲೆಯೇ ಹಳೆಯದನ್ನು ಬಿಡಬೇಕು.

ಸೆಲ್ ಮತ್ತು ಮಕ್ಕಳು

ಈ ಭಾಗವನ್ನು ಮನೆಯಲ್ಲಿ ಓದಿ ಹೇಳಬೇಕೆಂದು ಕೋರುತ್ತೇನೆ. ಅಳುವ ಮಗುವಿನ ಕೈಗೆ ಕಾರಿನ ಕೀಲಿ ಕೊಡುವ ಅಭ್ಯಾಸ ನಮ್ಮೆಲ್ಲರದು. ಬಿರುಕು ಬಿಟ್ಟ ಕವಚದಿಂದ ಸೆಲ್ ಉದುರುತ್ತದೆ, ಬದಲಿಸಿದ ಹಳೆಯ ಸೆಲ್ ಕಿಟಕಿಯ ಮೇಲೆ ಬಿದ್ದಿರುತ್ತದೆ. ಮಗು ಅದನ್ನು ನುಂಗಿದರೆ 20 ಮಿಲಿಮೀಟರಿನ ಸೆಲ್ ಅನ್ನನಾಳದಲ್ಲಿ ಸಿಕ್ಕಿಕೊಳ್ಳುವ ಸಂಭವ ಹೆಚ್ಚು. ಬೋರ್ಡಿನ ಮೇಲೆ ನಡೆದ ಕ್ರಿಯೆಯೇ ಅಲ್ಲಿಯೂ ನಡೆಯುತ್ತದೆ: ಒದ್ದೆ ಅಂಗಾಂಶದ ಮೂಲಕ ವಿದ್ಯುತ್ ಹರಿದು ಋಣ ತುದಿಯಲ್ಲಿ ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ಎರಡು ಗಂಟೆಯೊಳಗೇ ಗಂಭೀರವಾಗಿ ಸುಡಬಲ್ಲುದು. ರಿಮೋಟಿಗೆ ಸಾಲದೆಂದು ತೆಗೆದ ‘ಸತ್ತ’ ಸೆಲ್ಲಿನಲ್ಲಿಯೂ ಇದಕ್ಕೆ ಸಾಕಷ್ಟು ಶಕ್ತಿ ಉಳಿದಿರುತ್ತದೆ.

ನುಂಗಿರಬಹುದೆಂಬ ಅನುಮಾನ ಬಂದರೂ ವಾಂತಿ ಮಾಡಿಸಬಾರದು, ಬಾಳೆಹಣ್ಣು, ಅನ್ನ ತಿನ್ನಿಸಿ ಕೆಳಗಿಳಿಸಲು ಯತ್ನಿಸಬಾರದು, ಮಲದಲ್ಲಿ ಹೋಗುವುದೆಂದು ಕಾಯಬಾರದು. 108ಕ್ಕೆ ಕರೆ ಮಾಡಿ ಎಕ್ಸ್-ರೇ ಇರುವ ಆಸ್ಪತ್ರೆಗೆ ಕೂಡಲೇ ಒಯ್ಯಬೇಕು, ನುಂಗಿದ್ದು ಬಟನ್ ಸೆಲ್ ಎಂಬುದನ್ನು ವೈದ್ಯರಿಗೆ ಮೊದಲ ಮಾತಿನಲ್ಲೇ ಹೇಳಬೇಕು. ತೆಗೆದ ಸೆಲ್ಲಿನ ಎರಡೂ ಮುಖಕ್ಕೆ ಟೇಪು ಸುತ್ತಿ ಹಸಿಕಸದೊಂದಿಗೆ ಸೇರಿಸದೆ ಪ್ರತ್ಯೇಕವಾಗಿ ಸ್ವಚ್ಛ ವಾಹಿನಿಗೆ ಕೊಡುವುದು ಕ್ರಮ. ಅಂಗನವಾಡಿಯ ತಾಯಂದಿರ ಸಭೆಯಲ್ಲಿ ಐದು ನಿಮಿಷ ಈ ವಿಷಯಕ್ಕೆ ಮೀಸಲಿಡುವಂತೆ ಆಯಾ ವಾರ್ಡಿನ ಸದಸ್ಯರು ಕಾರ್ಯಕರ್ತೆಯರನ್ನು ಕೋರಬಹುದು.

ಪಂಚಾಯಿತಿ ವಾಹನದ ಎರಡನೆಯ ಕೀಲಿ

ವಾಹನ ಖರೀದಿಸಿದಾಗ ಎರಡು ಕೀಲಿಗಳು ಬರುತ್ತವೆ. ಹಲವು ಸಲ ಜೊತೆಗೊಂದು ಸಂಖ್ಯೆ ಒತ್ತಿದ ಲೋಹದ ಅಥವಾ ಪ್ಲಾಸ್ಟಿಕ್ಕಿನ ಬಿಲ್ಲೆಯೂ ಇರುತ್ತದೆ. ಆ ಸಂಖ್ಯೆಯಿಂದ ಸವೆಯದ ಮೂಲ ಅಳತೆಯ ಕೀಲಿಯನ್ನು ಮಾಡಿಸಲು ಸಾಧ್ಯವಿರುವುದರಿಂದ ಅದನ್ನು ಆಟಿಕೆಯೆಂದು ಬಿಸಾಡಬಾರದು. ನಕಲು ಮಾಡಿಸುವ ಸಂದರ್ಭ ಬಂದಾಗ ಸವೆದ ಕೀಲಿಯನ್ನು ಮಾದರಿಯಾಗಿ ಕೊಟ್ಟರೆ ಸವೆತವೂ ನಕಲಾಗುತ್ತದೆ. ಎರಡನೆಯ ಕೀಲಿಯನ್ನೇ ಕೊಡಬೇಕು.

ಮೇಲಿನ ಪ್ರಕರಣದಲ್ಲಿ ಎರಡನೆಯ ಕೀಲಿ ಕೊನೆಗೆ ಸಿಕ್ಕಿತು. ಹಿಂದಿನ ಅವಧಿಯ ಪದಾಧಿಕಾರಿಯೊಬ್ಬರ ಮನೆಯ ಗೂಡಿನಲ್ಲಿತ್ತು. ಅವರು ಬಚ್ಚಿಟ್ಟಿರಲಿಲ್ಲ. ವಾಹನ ಬಂದ ದಿನ ಯಾರೋ ಕೈಗೆ ಕೊಟ್ಟದ್ದನ್ನು ಜೋಪಾನವಾಗಿ ಇಟ್ಟಿದ್ದರು, ಯಾರೂ ಕೇಳಿರಲಿಲ್ಲ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ವಾಹನವಿತ್ತು, ಕೀಲಿಗಳ ಸಂಖ್ಯೆ ಇರಲಿಲ್ಲ. ಆ ಪಟ್ಟಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ವಿಮೆಯ ದೃಷ್ಟಿಯಿಂದಲೂ ಇದು ಸಣ್ಣ ವಿಷಯವಲ್ಲ. ವಾಹನ ಕಳವಾದಾಗ ವಿಮಾ ಕಂಪನಿಗಳು ಪರಿಹಾರ ಅರ್ಜಿಯೊಂದಿಗೆ ಸಾಮಾನ್ಯವಾಗಿ ಎರಡೂ ಮೂಲ ಕೀಲಿಗಳನ್ನು ಕೇಳುತ್ತವೆ. ಒಂದು ಇಲ್ಲವೆಂದರೆ, ಅಥವಾ ಕೀಲಿಯನ್ನು ವಾಹನದಲ್ಲೇ ಬಿಟ್ಟು ಹೋಗಿತ್ತೆಂದು ಕಂಡುಬಂದರೆ, ಆಕ್ಷೇಪಣೆಗೆ ದಾರಿಯಾಗುತ್ತದೆ. ಕೀಲಿ ಕಳೆದುಹೋದ ದಿನವೇ ಪೊಲೀಸ್ ಠಾಣೆಗೆ ಲಿಖಿತ ಮಾಹಿತಿ ನೀಡಿ ಅದರ ಪ್ರತಿಯನ್ನು ಕಡತದಲ್ಲಿಡುವುದು ಈ ಕಾರಣಕ್ಕಾಗಿ.

‘ಕೀಲಿಕೈಗೂ ಒಂದು ರಿಜಿಸ್ಟರೇ?’ ಎಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ನಕ್ಕರು. ಹೊಸ ರಿಜಿಸ್ಟರ್ ಬೇಕಿಲ್ಲ. ದಾಸ್ತಾನು ವಹಿಯಲ್ಲಿ ವಾಹನದ ನಮೂದಿನ ಕೆಳಗೆ ನಾಲ್ಕು ಸಾಲು ಸಾಕು: ಕೀಲಿಗಳು ಎಷ್ಟು, ಬಿಲ್ಲೆಯ ಸಂಖ್ಯೆ, ಚಾಲಕಿಯ ಬಳಿ ಇರುವುದು ಯಾವುದು, ಕಚೇರಿಯ ಬೀರುವಿನಲ್ಲಿರುವುದು ಯಾವುದು. ಚಾಲಕಿ ಬದಲಾದಾಗ, ಅಧ್ಯಕ್ಷರು ಅಥವಾ ಅಭಿವೃದ್ಧಿ ಅಧಿಕಾರಿ ಬದಲಾದಾಗ ಅದೇ ಜಾಗದಲ್ಲಿ ದಿನಾಂಕ ಹಾಗೂ ಸಹಿ. ಬೀರುವಿನ ಕೀಲಿಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಿದ ಡಬ್ಬಿಯಲ್ಲಿರಿಸಿ, ರಿಮೋಟ್ ಇದ್ದಲ್ಲಿ ಅದರ ಸೆಲ್ಲನ್ನು ತೆಗೆದು ಪಕ್ಕದಲ್ಲಿಡಬಹುದು. ಆರು ತಿಂಗಳಿಗೊಮ್ಮೆ ಆ ಕೀಲಿಯಿಂದಲೇ ವಾಹನವನ್ನು ಚಾಲೂ ಮಾಡಿ ನೋಡಬೇಕು. ನಮ್ಮ ಪಂಚಾಯಿತಿಯಲ್ಲಿ ಇದಕ್ಕೆ ಏಪ್ರಿಲ್ ಮತ್ತು ಅಕ್ಟೋಬರ್ ತಿಂಗಳ ಸಾಮಾನ್ಯ ಸಭೆಯ ದಿನವನ್ನು ಇರಿಸಿಕೊಂಡಿದ್ದೇವೆ; ಸಭೆಗೆ ಮುನ್ನ ಇಬ್ಬರು ಸದಸ್ಯರು ಅಂಗಳಕ್ಕೆ ಹೋಗಿ ವಾಹನವನ್ನು ಎಬ್ಬಿಸಿ ಬಂದು ವಹಿಯಲ್ಲಿ ಸಹಿ ಮಾಡುತ್ತಾರೆ.